ಅತ್ತೆಯ ಜೊತೆ ಲಾಲ್‌ಬಾಗಿನ ಮಾವು ಮೇಳ

ಬೆಂಗಳೂರಿನ ಬೇಸಿಗೆಯಲ್ಲಿ ಹಬ್ಬಗಳಿಗೂ ಜಾತ್ರೆಗಳಿಗೂ ಕೊರತೆಯಿಲ್ಲವಾದರೂ ಮನೆಯ ಮೂರು ತಲೆಮಾರಿನವರು ಒಟ್ಟಿಗೆ ಹೋಗಿ, ಯಾರೂ ಮುಖ ಗಂಟುಹಾಕಿಕೊಳ್ಳದೆ ಹಿಂತಿರುಗುವಂಥವು ಕಡಿಮೆ. ಚೈತ್ರ ಪೌರ್ಣಮಿಯ ಕರಗ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವುದೇ ನಡುರಾತ್ರಿ ಕಳೆದ ಮೇಲೆ. ವೀರಕುಮಾರರ ಕತ್ತಿಗಳನ್ನೂ ಆ ಮಲ್ಲಿಗೆಯ ರಾಶಿಯನ್ನೂ ಒಮ್ಮೆಯಾದರೂ ನೋಡಲೇಬೇಕು ಎನ್ನುವುದು ನಿಜ, ಆದರೆ ಏಳು ವರ್ಷದ ನನ್ನ ಮಗಳು ಅಷ್ಟು ಹೊತ್ತಿಗೆ ಹೆಗಲ ಮೇಲೆ ನಿದ್ದೆ ಹೋಗಿರುತ್ತಾಳೆ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನಕ್ಕೆ ಹೆಸರು ತಂದ, ಶ್ರೀರಾಮ ಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವವೆಂದರೆ ಅತ್ತೆಗೆ ಪ್ರಾಣ. ಮಕ್ಕಳು ಮಾತ್ರ ಮೊದಲ ಆಲಾಪನೆ ಮುಗಿಯುವುದರೊಳಗೆ ಮನೆಗೆ ಹೋಗೋಣವೆಂದು ಪೀಡಿಸುತ್ತಾರೆ. ಹೀಗಾಗಿ ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪುವ ಬೇಸಿಗೆಯ ಜಾತ್ರೆಯೆಂದರೆ ಲಾಲ್‌ಬಾಗಿನಲ್ಲಿ ನಡೆಯುವ ಮಾವು ಮತ್ತು ಹಲಸು ಮೇಳ.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಗ್ಗದ ಹಣ್ಣು ಸಿಗುತ್ತದೆಂದು ಹೋಗುವವರಿಗೆ ಮೇಳ ನಿರಾಸೆ ಮಾಡಬಹುದು; ನಾವು ಹೋದ ದಿನ ಬಾದಾಮಿ ಮಾವಿನ ಬೆಲೆ ನಮ್ಮ ಬೀದಿಗೆ ಬರುವ ತಳ್ಳುಗಾಡಿಯ ಬೆಲೆಗಿಂತ ಕಿಲೋಗೆ ಹತ್ತು ರೂಪಾಯಿ ಹೆಚ್ಚೇ ಇತ್ತು. ಆದರೆ ಹಣ್ಣನ್ನು ಬೆಳೆದವರೇ ಎದುರು ಕುಳಿತಿರುವಾಗ ಕೇಳಿ, ಮೂಸಿ, ಹದ ನೋಡಿ, ಮುಂದಿನ ಹತ್ತು ಹನ್ನೆರಡು ದಿನಗಳಿಗೆ ಒಂದರ ಹಿಂದೆ ಒಂದು ಹಣ್ಣಾಗುವಂತೆ ಲೆಕ್ಕ ಹಾಕಿ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಈ ಊರಿನಲ್ಲಿ ಕಂಡಿಲ್ಲ. ಈ ಲೆಕ್ಕವನ್ನು ನನಗೆ ಕಲಿಸಿದವರು ಅತ್ತೆ. ಅವರ ತವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹತ್ತಿರದ ಹಳ್ಳಿ. ಮಾವಿನ ತೋಪಿನಲ್ಲಿ ಆಡಿ ಬೆಳೆದವರಿಗೆ ಅಂಗಡಿಯವನು ಹೇಳಿದ್ದೆಲ್ಲ ವೇದವಾಕ್ಯವಾಗುವುದಿಲ್ಲ.

ಮೊದಲ ಸಲ ನಾವು ಮಾಡಿದ ತಪ್ಪು ಭಾನುವಾರ ಮಧ್ಯಾಹ್ನ ಕಾರಿನಲ್ಲಿ ಹೊರಟದ್ದು. ಜಾಗ ಹುಡುಕುತ್ತಾ ಎರಡು ಸುತ್ತು ಹಾಕಿ, ಕೊನೆಗೆ ಹೊರಗಿನ ಒಂದು ಖಾಸಗಿ ನಿವೇಶನದಲ್ಲಿ ಗಾಡಿ ನಿಲ್ಲಿಸಿದಾಗ ಅಲ್ಲಿದ್ದವನು ರಸೀದಿಯಿಲ್ಲದೆ ಕೇಳಿದ ಹಣದಲ್ಲಿ ಒಂದು ಕಿಲೋ ರಸಪುರಿ ಬರುತ್ತಿತ್ತು. ಒಳಗೆ ಹೋಗಿ ನಾಲ್ಕು ಮಳಿಗೆ ದಾಟುವಷ್ಟರಲ್ಲಿ ಮೇ ತಿಂಗಳ ಸಂಜೆಯ ಮಳೆ ಶುರುವಾಯಿತು. ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮರದಡಿಯಲ್ಲಿ ನಿಂತರು, ಮಗಳು ಒದ್ದೆಯಾಗಿ ಕುಣಿದಳು, ನಾನು ಹದ ನೋಡದೆ ಸಿಕ್ಕಿದ ಬಾಕ್ಸ್ ಎತ್ತಿಕೊಂಡು ಬಂದೆ. ಮನೆಯಲ್ಲಿ ತೆರೆದಾಗ ಮೇಲಿನ ಸಾಲು ಹಳದಿ, ಕೆಳಗಿನ ಎರಡು ಸಾಲು ಎಳೆಗಾಯಿ. ಆ ಎಳೆಗಾಯಿಗಳು ಹಣ್ಣಾಗಲೇ ಇಲ್ಲ. ಸಿಪ್ಪೆ ಸುಕ್ಕುಗಟ್ಟಿ ಬಾಡಿಹೋದವು. ಮಳಿಗೆ ಯಾವುದೆಂದು ಬರೆಯುವುದಿಲ್ಲ, ಏಕೆಂದರೆ ತೆರೆದು ನೋಡದೆ ಕೊಂಡದ್ದು ನನ್ನದೇ ತಪ್ಪು ಎಂಬುದು ಅತ್ತೆಯ ತೀರ್ಪು.

ಎರಡನೆಯ ಸಲ ವಾರದ ನಡುವೆ ರಜೆ ಹಾಕಿ, ಬೆಳಗಿನ ಹತ್ತು ಗಂಟೆಗೆ ಮೆಟ್ರೋದಲ್ಲಿ ಹೋದೆವು. ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ಹಿರಿಯರೂ ನಿಧಾನವಾಗಿ ನಡೆದು ತೋಟವನ್ನು ತಲುಪಬಹುದು. ಆ ಹೊತ್ತಿಗೆ ಜನ ವಿರಳವಾಗಿರುತ್ತಾರೆ, ಬಿಸಿಲು ಇನ್ನೂ ಏರಿರುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಮಳಿಗೆಯವರಿಗೆ ಮಾತನಾಡಲು ಪುರುಸೊತ್ತು ಇರುತ್ತದೆ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಬೆಳೆಗಾರರೇ ಹೆಚ್ಚಾಗಿದ್ದರು. ತೋಟದ ಮಾಲೀಕನೇ ತಕ್ಕಡಿಯ ಹಿಂದೆ ನಿಂತಿದ್ದಾನೆಯೇ ಅಥವಾ ಅವನ ಹೆಸರಿನಲ್ಲಿ ಮತ್ತೊಬ್ಬ ವ್ಯಾಪಾರ ಮಾಡುತ್ತಿದ್ದಾನೆಯೇ ಎಂದು ತಿಳಿಯಲು ಅತ್ತೆ ಕೇಳುವ ಪ್ರಶ್ನೆ ಒಂದೇ: “ಏನಪ್ಪಾ, ಈ ಸಲ ಹೂವು ಯಾವಾಗ ಬಿಟ್ಟಿತು ನಿಮ್ಮ ತೋಪಿನಲ್ಲಿ?” ಬೆಳೆದವನಾದರೆ ಮಂಜು, ಜಿಗಿಹುಳು, ಉದುರಿದ ಪೀಚು ಎಲ್ಲವನ್ನೂ ಐದು ನಿಮಿಷ ಹೇಳುತ್ತಾನೆ. ಮಾರಲು ಮಾತ್ರ ಬಂದವನು “ಎಷ್ಟು ಕಿಲೋ ಕೊಡಲಿ ಅಮ್ಮಾ?” ಎನ್ನುತ್ತಾನೆ.

ಹದ ನೋಡುವ ಅವರ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಮೇಳಕ್ಕೆ ಹೋಗುವುದರ ಅರ್ಧ ಸುಖ ಅದರಲ್ಲಿದೆ. ಬಲಿತ ಕಾಯಿಯಾದರೆ ತೊಟ್ಟಿನ ಎರಡೂ ಬದಿಯ ಹೆಗಲು ಉಬ್ಬಿ, ತೊಟ್ಟು ಕುಳಿಯಲ್ಲಿ ಇಳಿದಂತೆ ಕಾಣಬೇಕು. ಹೆಗಲು ಇಳಿಜಾರಾಗಿದ್ದರೆ ಅದು ಎಳೆಗಾಯಿ, ಯಾವ ಹುಲ್ಲಿನಲ್ಲಿ ಮುಚ್ಚಿಟ್ಟರೂ ರುಚಿ ಬರುವುದಿಲ್ಲ. ಬಣ್ಣವನ್ನು ನಂಬಬಾರದು. ಮೂಸಬೇಕಾದದ್ದು ತೊಟ್ಟಿನ ಬಳಿ. ಬೆರಳಿನಿಂದ ಅಮುಕಬಾರದು, ಅಮುಕಿದ ಹಣ್ಣು ಮುಂದಿನ ಗಿರಾಕಿಗೆ ಹೋಗುವಷ್ಟರಲ್ಲಿ ಕಪ್ಪಾಗಿರುತ್ತದೆ; ಅಂಗೈಯಲ್ಲಿ ಇಟ್ಟು ಭಾರ ನೋಡಬೇಕು. ಅನುಮಾನವಿದ್ದರೆ ನೀರಿಗೆ ಹಾಕಬೇಕು, ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ಒಬ್ಬ ರೈತರು ನಗುತ್ತಲೇ ಬಕೆಟ್ ತಂದಿಟ್ಟರು. ಮಗಳು ಒಂದೊಂದೇ ಕಾಯಿಯನ್ನು ನೀರಿಗೆ ಬಿಟ್ಟು ‘ಪಾಸ್’, ‘ಫೇಲ್’ ಎಂದು ಕೂಗುತ್ತಾ ಕಾಲು ಗಂಟೆ ಅಲ್ಲಿಂದ ಕದಲಲಿಲ್ಲ. ಪಕ್ಕದ ಮಳಿಗೆಯ ಗಿರಾಕಿಗಳೂ ಬಂದು ನಿಂತರು. ಫೇಲಾದದ್ದು ಎರಡೇ, ಅವನ್ನು ಅವರು ತಾವಾಗಿಯೇ ತೆಗೆದಿಟ್ಟರು. ಆ ಮಳಿಗೆಯಲ್ಲಿ ಅತ್ತೆ ಚೌಕಾಸಿ ಮಾಡಲಿಲ್ಲ, ಇದು ನಮ್ಮ ಮನೆಯ ಇತಿಹಾಸದಲ್ಲಿ ಅಪರೂಪ.

ಹುಲ್ಲಿನಲ್ಲಿ ಮಾಗಿಸಿದ ಹಣ್ಣು ಎನ್ನುವುದು ಮೇಳದ ದೊಡ್ಡ ಆಕರ್ಷಣೆ. ಕ್ಯಾಲ್ಸಿಯಂ ಕಾರ್ಬೈಡ್‌ಗೆ ತೇವ ತಾಗಿದಾಗ ಹೊರಡುವ ಅಸಿಟಿಲಿನ್ ಅನಿಲದಿಂದ ಕಾಯಿಯ ಸಿಪ್ಪೆ ಒಂದೆರಡು ದಿನದಲ್ಲಿ ಹಳದಿಯಾಗುತ್ತದೆ, ಒಳಗೆ ಹುಳಿ ಹಾಗೆಯೇ ಉಳಿಯುತ್ತದೆ. ಜೊತೆಗೆ ಆ ಪುಡಿಯಲ್ಲಿ ಆರ್ಸೆನಿಕ್, ರಂಜಕದ ಅಂಶವಿರಬಹುದಾದ್ದರಿಂದ ಹಣ್ಣು ಮಾಗಿಸಲು ಅದನ್ನು ಬಳಸುವುದನ್ನು ಕಾನೂನು ನಿಷೇಧಿಸಿದೆ. ಎಥಿಲಿನ್ ಅನಿಲವನ್ನು ಮಾತ್ರ ನಿಗದಿತ ಮಿತಿಯಲ್ಲಿ, ಅಂದರೆ 100 ಪಿಪಿಎಂವರೆಗೆ (ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು), ಬಳಸಲು ಅನುಮತಿಯಿದೆ. ಹುಲ್ಲು ಏನು ಮಾಡುತ್ತದೆ ಎಂದು ಮಗಳು ಕೇಳಿದಳು. ಹುಲ್ಲಿನಲ್ಲಿ ಔಷಧವೇನೂ ಇಲ್ಲ, ಮಾಗುವಾಗ ಕಾಯಿಯೇ ಬಿಡುವ ಎಥಿಲಿನನ್ನೂ ಬೆಚ್ಚಗಿನ ಶಾಖವನ್ನೂ ಅದು ಹಿಡಿದಿಡುತ್ತದೆ, ಅಷ್ಟೇ. ಅಕ್ಕಿ ಡಬ್ಬದಲ್ಲಿ ಕಾಯಿ ಹುಗಿದಿಡುವುದೂ ಇದೇ ತತ್ತ್ವ ಎಂದು ಹೇಳಿದ್ದೇ ತಪ್ಪಾಯಿತು. ಮನೆಗೆ ಬಂದ ಮೇಲೆ ನಮ್ಮ ಅಕ್ಕಿ ಡಬ್ಬದಲ್ಲಿ ಒಂದು ವಾರ ಸೇಬು, ನಿಂಬೆಹಣ್ಣು, ಒಮ್ಮೆ ಒಂದು ಆಲೂಗಡ್ಡೆಯೂ ಸಿಕ್ಕಿದವು.

ತಳಿಗಳ ವಿಚಾರಕ್ಕೆ ಬಂದರೆ, ನಾವು ಕೊಂಡದ್ದು ನಾಲ್ಕೇ ಬಗೆ, ಆದರೆ ಆರಿಸಿದ್ದು ಹಣ್ಣಾಗುವ ಕ್ರಮದಲ್ಲಿ. ಆ ದಿನವೇ ತಿನ್ನಲು ಚೆನ್ನಾಗಿ ಮಾಗಿದ ರಸಪುರಿ. ಹೊರಗೆ ಹಸಿರು ಮಚ್ಚೆ ಉಳಿದಿದ್ದರೂ ಒಳಗೆ ರಸವೇ ರಸ. ಸೀಕರಣೆಗೆ ಇದನ್ನು ಬಿಟ್ಟು ಬೇರೆ ಹಣ್ಣನ್ನು ಅತ್ತೆ ಮುಟ್ಟುವುದಿಲ್ಲ, ಹಾಲು, ಏಲಕ್ಕಿ ಬಿಟ್ಟರೆ ಸಕ್ಕರೆಯನ್ನೂ ಹಾಕಲು ಬಿಡುವುದಿಲ್ಲ. ಮೂರು ನಾಲ್ಕು ದಿನದ ಮೇಲೆ ಆಗುವಂತೆ ದೋರಗಾಯಿ ಬಾದಾಮಿ. ಮಹಾರಾಷ್ಟ್ರದವರು ಆಪೂಸ್ ಎನ್ನುವ ಈ ತಳಿಗೆ ಒಂದು ಜನ್ಮದೋಷವಿದೆ: ಹೊರಗೆ ಲಕ್ಷಣವಾಗಿದ್ದರೂ ಕೆಲವು ಹಣ್ಣುಗಳ ತಿರುಳು ಒಳಗೆ ಬೆಳ್ಳಗೆ, ಸ್ಪಂಜಿನಂತೆ ಆಗಿರುತ್ತದೆ, ಕತ್ತರಿಸುವವರೆಗೆ ಯಾರಿಗೂ ತಿಳಿಯುವುದಿಲ್ಲ. ನಮ್ಮ ಡಜನ್ನಿನಲ್ಲಿ ಎರಡು ಹಾಗೆ ಬಂದವು. ಅದಕ್ಕಾಗಿ ಮಾರಿದವರನ್ನು ದೂರುವುದು ನ್ಯಾಯವಲ್ಲ.

ಗಿಣಿಮೂತಿಯನ್ನು ಕಾಯಾಗಿಯೇ ಎರಡು ಕಿಲೋ ತಂದೆವು, ಉಪ್ಪುಖಾರ ಹಚ್ಚಿ ತಿನ್ನಲು ಮತ್ತು ಚಿತ್ರಾನ್ನಕ್ಕೆ. ತೋತಾಪುರಿ ಎಂದೂ ಕರೆಯುವ ಈ ಕಾಯಿಗೆ ಹೊರರಾಜ್ಯಗಳಲ್ಲಿ ‘ಬ್ಯಾಂಗಲೋರಾ’ ಎಂಬ ಹೆಸರಿದೆ. ಊರಿನ ಹೆಸರನ್ನೇ ಹೊತ್ತ ಮಾವಿನ ಮುಂದೆ ಮೇಳದಲ್ಲಿ ಜನವೇ ಇಲ್ಲ ಎನ್ನುವುದು ವಿಚಿತ್ರ. ಶ್ರೀನಿವಾಸಪುರದ ಕಡೆ ಬೆಳೆಯುವ ರಾಶಿಯಲ್ಲಿ ಬಹುಪಾಲು ಗಡಿಯಾಚೆಯ ಚಿತ್ತೂರಿನ ತಿರುಳಿನ ಕಾರ್ಖಾನೆಗಳಿಗೆ ಹೋಗುತ್ತದೆ, ಕಾರ್ಖಾನೆಯವರು ಕೊಟ್ಟದ್ದೇ ಬೆಲೆ. ತಮ್ಮ ಅಣ್ಣಂದಿರ ಆ ಕಷ್ಟವನ್ನು ಅತ್ತೆ ಮಳಿಗೆಯ ರೈತರೊಡನೆ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಾತನಾಡುತ್ತಾ ನಿಂತುಬಿಟ್ಟಾಗ ನಾವು ಮುಂದೆ ಹೋಗಿ ಲಾಲ್‌ಬಾಗಿನೊಳಗಿನ ಬಂಡೆ ಹತ್ತಿ ಬಂದೆವು. ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದಾದ ಆ ಬಂಡೆಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರದ ನೆರಳಿನಲ್ಲಿ ಮಕ್ಕಳಿಗೆ ತಂದಿದ್ದ ಚಪಾತಿಯನ್ನು ತಿನ್ನಿಸಿದ್ದೂ ಆಯಿತು.

ನಾಲ್ಕನೆಯದು ಮಲ್ಲಿಕಾ. ನೀಲಂ ಮತ್ತು ದಶೇರಿ ತಳಿಗಳನ್ನು ಕೂಡಿಸಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ ಈ ಹಣ್ಣು ತಡವಾಗಿ ಬರುತ್ತದೆ, ಕೊಂಡ ಮೇಲೂ ತಾಳ್ಮೆ ಬೇಡುತ್ತದೆ. ಮೇಳದ ಮೊದಲ ದಿನಗಳಲ್ಲಿ ಹೋದರೆ ಬಲಿತ ಮಲ್ಲಿಕಾ ಸಿಗುವುದು ಕಷ್ಟ, ಕೊನೆಯ ದಿನಗಳಲ್ಲಿ ಹೋದರೆ ಬಾದಾಮಿ ಮುಗಿಯುತ್ತಾ ಬಂದಿರುತ್ತದೆ. ಎರಡೂ ಬೇಕಾದವರು ಜೂನ್ ಮೊದಲ ವಾರದ ಆಸುಪಾಸಿಗೆ ಹೋಗುವುದು ಒಳ್ಳೆಯದು. ಅದಕ್ಕೂ ತಡವಾದರೆ ಮಳೆ ಹೆಚ್ಚಿ ಹಣ್ಣುನೊಣದ ಕಾಟ ಶುರುವಾಗುತ್ತದೆ, ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಚುಕ್ಕೆಯಿದ್ದರೆ ಒಳಗೆ ಹುಳುವಿದೆಯೆಂದೇ ತಿಳಿಯಬೇಕು.

ಹಲಸಿನ ಬಗ್ಗೆ ಹೆಚ್ಚು ಹೇಳಲಾರೆ. ಕೆಂಪು ತೊಳೆಯ ಹಣ್ಣನ್ನು ಬಿಡಿಸಿ ಮಾರುತ್ತಿದ್ದರು, ಒಂದು ಪೊಟ್ಟಣ ತಂದೆವು, ಮೆಟ್ರೋ ನಿಲ್ದಾಣ ತಲುಪುವ ಮೊದಲೇ ಮುಗಿಯಿತು. ಜ್ಯೂಸ್ ಮಾರುತ್ತಿದ್ದ ಒಂದು ಅಂಗಡಿಯಲ್ಲಿ ಕುಡಿದದ್ದರಲ್ಲಿ ಮಾವಿಗಿಂತ ಸಕ್ಕರೆ, ಸಕ್ಕರೆಗಿಂತ ಮಂಜುಗಡ್ಡೆ ಹೆಚ್ಚಿತ್ತು. ಸುತ್ತ ಅಷ್ಟೊಂದು ಹಣ್ಣಿರುವಾಗ ಅದಕ್ಕೆ ದುಡ್ಡು ಕೊಟ್ಟದ್ದಕ್ಕೆ ನನಗೆ ಈಗಲೂ ನಾಚಿಕೆಯಿದೆ.

ಹೋಗುವವರು ಎರಡು ಗಟ್ಟಿ ಬಟ್ಟೆಯ ಚೀಲವನ್ನೂ ಹಳೆಯ ದಿನಪತ್ರಿಕೆಗಳನ್ನೂ ಒಯ್ಯಬೇಕು, ಮಾಗಿದ್ದನ್ನೂ ಕಾಯಿಯನ್ನೂ ಒಂದೇ ಚೀಲದಲ್ಲಿ ತುಂಬಬಾರದು. ನಗದಿನ ಚಿಂತೆಯಿಲ್ಲ, ನಾವು ಕೊಂಡ ಎಲ್ಲ ಕಡೆಯೂ ಫೋನಿನಲ್ಲೇ ಹಣ ಕೊಟ್ಟೆವು. ತೊಟ್ಟು ಮುರಿದಾಗ ಸುರಿಯುವ ಸೊನೆ ಮಕ್ಕಳ ತುಟಿಗೆ ತಾಗಿದರೆ ಸುಟ್ಟಂತೆ ಗಾಯವಾಗುತ್ತದೆ. ನನ್ನ ಮಗಳು ಅಲ್ಲಿಯೇ ತಿನ್ನುತ್ತೇನೆಂದು ಹಟ ಹಿಡಿದಾಗ ಅತ್ತೆ ಒಪ್ಪಲಿಲ್ಲ. ಮನೆಗೆ ಬಂದು ಹಣ್ಣನ್ನು ಒಂದು ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ತೊಟ್ಟಿನ ಭಾಗವನ್ನು ಕತ್ತರಿಸಿ ಎಸೆದ ಮೇಲೆಯೇ ಅವಳ ಕೈಗೆ ಕೊಟ್ಟರು. ಓಟೆ ಯಾರಿಗೆ ಎಂಬ ಜಗಳ ಮಾತ್ರ ಪ್ರತಿ ವರ್ಷದಂತೆ ಅಪ್ಪ ಮಗಳ ನಡುವೆ ನಡೆಯಿತು.

ಮಲ್ಲಿಕಾವನ್ನು ಒಂದೊಂದಾಗಿ ಪತ್ರಿಕೆಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದೆವು. ಒಂದು ವಾರದ ಮೇಲೆ ನಾನು ತೆಗೆದು ನೋಡಿ ಹಣ್ಣಾಗಿದೆ ಎಂದೆ. ಸಿಪ್ಪೆ ಇನ್ನೂ ಬಿಗಿಯಾಗಿದೆ, ಸ್ವಲ್ಪ ಸುಕ್ಕು ಬೀಳಲಿ ಎಂದು ಅತ್ತೆ ಮತ್ತೆ ಸುತ್ತಿಟ್ಟರು. ಹನ್ನೊಂದನೆಯ ದಿನ ಸಂಜೆ ಅವರೇ ಈಳಿಗೆಮಣೆ ಹಾಕಿಕೊಂಡು ಕುಳಿತು ಹೋಳು ಮಾಡಿದರು. ನಾರಿಲ್ಲದ, ಕಿತ್ತಳೆ ಬಣ್ಣದ ಆ ಹೋಳನ್ನು ಬಾಯಿಗೆ ಹಾಕಿಕೊಂಡು ಅವರು ಹೇಳಿದ್ದು ಒಂದೇ ಮಾತು: “ಮುಂದಿನ ಸಲ ಇದನ್ನು ಎರಡು ಕಿಲೋ ಜಾಸ್ತಿ ತರೋಣಪ್ಪಾ, ಆ ಬಕೆಟ್ ಇಟ್ಟಿದ್ದವರ ಹತ್ತಿರವೇ.”