ಓಮ್ನಿಗೆ ಬೇರೆ ಎಂಜಿನ್ ಕೂರಿಸುವ ಮೊದಲು ನೆಲದ ಮ್ಯಾಟ್ ಎತ್ತಿ ನೋಡಿ

ನಮ್ಮದು 2008ರ ಮಾಡೆಲ್ ಮಾರುತಿ ಓಮ್ನಿ, ಪೆಟ್ರೋಲ್. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಹೆಬ್ರಿ, ಉಡುಪಿಯ ಅಂಗಡಿಗಳಿಗೆ ಹಪ್ಪಳ, ಸಂಡಿಗೆ, ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಬರುವುದು ಇದರ ಕೆಲಸ. ವಾಪಸ್ ಬರುವಾಗ ತೆಂಗಿನಕಾಯಿ, ಎಣ್ಣೆ ಟಿನ್ನು. ಖಾಲಿ ಓಡಿಸಿದರೆ ನಮಗೆ ಪೂರೈಸುವುದಿಲ್ಲ.

ಓಮ್ನಿ ಇಟ್ಟುಕೊಂಡವರ ಬೆಳಗು ಸೀಟಿನ ಕೆಳಗೆ ಶುರುವಾಗುತ್ತದೆ. ಮುಂದಿನ ಸೀಟು ಎತ್ತಿ, ಮುಚ್ಚಳ ತೆಗೆದು, ಆಯಿಲ್ ಕಡ್ಡಿ ಎಳೆದು ಹಳೆ ಪಂಚೆಯ ತುಂಡಿನಲ್ಲಿ ಒರೆಸಿ, ಮತ್ತೆ ಅದ್ದಿ ನೋಡಬೇಕು. ಆಮೇಲೆ ಕೂಲೆಂಟ್ ಡಬ್ಬಿ. ಇದಾಗದೆ ನಾನು ಕೀ ತಿರುಗಿಸುವುದಿಲ್ಲ. ಎಂಜಿನ್ ಮೇಲೆಯೇ ಕೂತು ಓಡಿಸುವ ಗಾಡಿ ಇದು. ಏಪ್ರಿಲ್‌ನಲ್ಲಿ ಉಡುಪಿಯ ಬಿಸಿಲಿಗೆ ತೊಡೆ ಸುಡುತ್ತದೆ, ಅದು ನಿಜ. ಆದರೆ ಜುಲೈನಲ್ಲಿ ಆಗುಂಬೆಯ ಮಳೆಗೆ ಸೀರೆಯಂಚು ತೊಯ್ದು, ಕಾಲು ಮರಗಟ್ಟಿ ಹತ್ತಿ ಕೂತಾಗ ಕೆಳಗಿನಿಂದ ಮೆಲ್ಲಗೆ ಏರುವ ಆ ಬಿಸಿ ಇದೆಯಲ್ಲ, ಅದರ ಸುಖ ಬೇರೆ ಯಾವ ಗಾಡಿಯಲ್ಲೂ ನನಗೆ ಸಿಕ್ಕಿಲ್ಲ. ಘಾಟಿ ಮುಗಿಯುವುದರೊಳಗೆ ಸೀರೆ ಅರ್ಧ ಒಣಗಿರುತ್ತದೆ.

ಕಳೆದ ಮಳೆಗಾಲದ ಹೊತ್ತಿಗೆ ಕಡ್ಡಿಯಲ್ಲಿ ಆಯಿಲ್ ಮಟ್ಟ ಬೇಗ ಬೇಗ ಇಳಿಯತೊಡಗಿತು. ಸೋಮೇಶ್ವರ ದಾಟಿ ಹೇರು ಹೊತ್ತು ಹತ್ತುವಾಗ ಎರಡನೇ ಗೇರಿನಲ್ಲೂ ಉಸಿರು ಸಾಲದು, ಹಿಂದೆ ನೀಲಿ ಹೊಗೆ. ಒಂದು ಗ್ಯಾರೇಜಿನಲ್ಲಿ ಹೊಗೆ ನೋಡಿದ್ದೇ ತಡ, ‘ಅಕ್ಕಾ, ಇದರ ಕಥೆ ಮುಗೀತು, ಗುಜರಿಯಿಂದ ಸೆಕೆಂಡ್ ಹ್ಯಾಂಡ್ ಎಂಜಿನ್ ತರಿಸಿ ಕೂರಿಸ್ತೀನಿ’ ಅಂದರು. ಒಂದು ಸ್ಪ್ಯಾನರ್ ಕೂಡ ಹಾಕಿರಲಿಲ್ಲ. ಬಿಚ್ಚಿ ನೋಡದೆ ಎಂಜಿನ್ ಸತ್ತಿದೆ ಎನ್ನುವ ಈ ಅಭ್ಯಾಸದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹಳೆ ಗಾಡಿಯವರ ದುಡ್ಡೂ ದುಡ್ಡೇ.

ನಮ್ಮ ಊರಿನ ಹಳೆಯ ಮೇಸ್ತ್ರಿ ಬೇರೆ ದಾರಿ ಹಿಡಿದರು. ಮೊದಲು ಕೇಳಿದ್ದು ಹೊಗೆ ಯಾವಾಗ ಬರುತ್ತದೆ ಎಂದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಗುಟುಕು ನೀಲಿ ಹೊಗೆ ಬಂದು ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲ್ (ವಾಲ್ವಿನಿಂದ ಆಯಿಲ್ ಒಳಗಿಳಿಯದಂತೆ ತಡೆಯುವ ರಬ್ಬರು) ಹೋಗಿರುತ್ತದೆ, ಅದು ಸಣ್ಣ ಖರ್ಚು. ಏರು ಎಳೆಯುವಾಗ ಬಂದರೆ ಪಿಸ್ಟನ್ನಿನ ಸುತ್ತ ಸಂದಿ ಮುಚ್ಚುವ ರಿಂಗಿನ ಮೇಲೆ ಅನುಮಾನ. ಕೂಲೆಂಟ್ ಕಡಿಮೆಯಾಗುತ್ತಾ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ತಲೆಭಾಗ ಕೂರುವ ಕಡೆಯ ಪದರ, ನೋಡಬೇಕು. ಆಮೇಲೆ ಪ್ಲಗ್ ಬಿಚ್ಚಿ ಮೂರೂ ಸಿಲಿಂಡರಿಗೆ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಮೀಟರ್ ಹಾಕಿದರು. ಎರಡು ಪರವಾಗಿಲ್ಲ, ಒಂದು ತೀರಾ ಕೆಳಗೆ. ಆ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂಚೂರು ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಮುಳ್ಳು ಮೇಲಕ್ಕೆ ಹೋಯಿತು. ಆಯಿಲ್ ಸಂದಿ ಮುಚ್ಚಿದಾಗ ಒತ್ತಡ ಏರಿದರೆ ಸೋರುತ್ತಿರುವುದು ರಿಂಗಿನ ಬಳಿ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಇಷ್ಟು ತಿಳಿಯಲು ಒಂದು ಗಂಟೆಯೂ ಬೇಕಾಗಲಿಲ್ಲ.

ಆದರೂ ಅವರು ಎಂಜಿನ್ ಇಳಿಸಲಿಲ್ಲ. ‘ಮೊದಲು ಬಾಡಿ ನೋಡಣ ಅಮ್ಮ, ಅದು ಹೋಗಿದ್ರೆ ಎಂಜಿನ್ನಿಗೆ ಹಾಕೋ ದುಡ್ಡು ದಂಡ’ ಎಂದು ಮ್ಯಾಟ್ ಎಲ್ಲ ಕಿತ್ತು, ಗಾಡಿ ಎತ್ತಿ, ಕೆಳಗೆ ಮಲಗಿ ಸ್ಕ್ರೂಡ್ರೈವರಿನಿಂದ ಚುಚ್ಚುತ್ತಾ ಹೋದರು. ಜ್ಯಾಕ್ ಕೊಡುವ ಜಾಗ, ಹಿಂದಿನ ಪಟ್ಟಾ (ಸ್ಪ್ರಿಂಗ್ ಪಟ್ಟಿ) ಕೂರುವ ಕಡೆ, ಜಾರುಬಾಗಿಲಿನ ಕೆಳಗಿನ ಹಳಿ, ಚಕ್ರದ ಮೇಲಿನ ಕಮಾನು. ಮಲೆನಾಡಿನ ಮಳೆಯ ಜೊತೆ ಕರಾವಳಿಯ ಉಪ್ಪುಗಾಳಿ ತಿಂದ ಗಾಡಿ, ನನಗಂತೂ ಎದೆ ಡವಗುಟ್ಟುತ್ತಿತ್ತು. ಕ್ಲೀನರ್ ಕಾಲಿಡುವ ಕಡೆ ಅಂಗೈಯಗಲ ತಗಡು ಹೋಗಿತ್ತು, ಅಷ್ಟೆ. ಭಾರ ಹೊರುವ ಅಡಿಚೌಕಟ್ಟು ಗಟ್ಟಿಯಿತ್ತು. ವೆಲ್ಡಿಂಗ್ ಮಾಡಿಸಿ, ರಸ್ಟ್ ಪೇಂಟ್ ಬಳಿಸಿದೆವು. ಆ ಚೌಕಟ್ಟಿನಲ್ಲಿ ಸ್ಕ್ರೂಡ್ರೈವರ್ ಒಳಗೆ ಇಳಿದಿದ್ದರೆ ಗಾಡಿಯನ್ನು ಅವತ್ತೇ ಕೊಟ್ಟುಬಿಡುತ್ತಿದ್ದೆ.

ಗುಜರಿ ಎಂಜಿನ್ ಕೂಲಿ ಸೇರಿ 25 ಸಾವಿರದ ಹತ್ತಿರ, ನಮ್ಮದೇ ಎಂಜಿನ್ ಪೂರ್ತಿ ಕೆಲಸ ಮಾಡಿಸಿದರೆ 38 ಸಾವಿರದ ಆಸುಪಾಸು. ಮಾರುತಿಯದೇ ಹೊಸ ವ್ಯಾನ್ ಈಕೋ 5 ಲಕ್ಷ ದಾಟುತ್ತದೆ. ತಿಂಗಳ ಕಂತು ಕಟ್ಟುವಷ್ಟು ಹಪ್ಪಳ ನಾವು ಲಟ್ಟಿಸುವುದಿಲ್ಲ. ಅಗ್ಗದ ಎಂಜಿನ್ ಬೇಡವೆಂದಿದ್ದಕ್ಕೆ ಕಾರಣ ಕಾಗದ. ಎಂಜಿನ್ ಬದಲಾದರೆ ನಂಬರ್ ಬದಲಾಗುತ್ತದೆ, ಅದು ಆರ್‌ಸಿಯಲ್ಲಿ ಏರಬೇಕು. ಯಾವ ಗಾಡಿಯಿಂದ ಬಂದದ್ದೆಂದು ದಾಖಲೆ ಕೊಡದ ಎಂಜಿನ್ನು ಆರ್‌ಟಿಓದಲ್ಲೂ ಕಷ್ಟ, ನಾಳೆ ಅಪಘಾತವಾದರೆ ಇನ್ಶೂರೆನ್ಸಿನಲ್ಲೂ ಕಷ್ಟ. ಮಾರುತಿ 800 ಕಾರಿನ ಎಂಜಿನ್ ತಂದು ಕೂರಿಸಬಹುದು ಅನ್ನುವವರೂ ಸಿಗುತ್ತಾರೆ. ಎರಡೂ 796 ಸಿಸಿ ಹೌದು. ಆದರೆ ಅದರಲ್ಲಿ ಎಂಜಿನ್ ಅಡ್ಡ ಕೂರುತ್ತದೆ, ಓಮ್ನಿಯಲ್ಲಿ ಉದ್ದಕ್ಕೆ, ಮತ್ತು ಎಳೆಯುವುದು ಹಿಂದಿನ ಚಕ್ರ. ಹಾಗಾಗಿ ಅದನ್ನು ತಂದು ಹಾಗೇ ಕೂರಿಸಲಾಗದು.

ನಮ್ಮ ಎಂಜಿನ್ನನ್ನೇ ಬೋರ್ ಮಾಡಿಸಿ, ಅಂದರೆ ಸವೆದ ಸಿಲಿಂಡರನ್ನು ಲೇತಿನಲ್ಲಿ ಸ್ವಲ್ಪ ಅಗಲ ಕೊರೆಸಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್, ರಿಂಗು, ಬೇರಿಂಗು, ಆಯಿಲ್ ಪಂಪು, ಟೈಮಿಂಗ್ ಬೆಲ್ಟ್ ಹಾಕಿಸಿದೆವು. ಓಮ್ನಿ ತಯಾರಿಕೆ ನಿಂತದ್ದು 2019ರಲ್ಲಾದರೂ ಸಾಮಾನಿಗೆ ಅಲೆದಾಟವಾಗಲಿಲ್ಲ. ಮೊದಲ ಸಾವಿರ ಕಿಲೋಮೀಟರ್ ಹಗುರ ಹೇರು, ನಿಧಾನ ಸವಾರಿ, ಆಮೇಲೆ ಆಯಿಲ್ ಬದಲಾವಣೆ. ಈಗ ತೆಂಗಿನಕಾಯಿ ತುಂಬಿಕೊಂಡು ಘಾಟಿಯ ತಿರುವುಗಳನ್ನು ಎರಡನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತದೆ, ಕನ್ನಡಿಯಲ್ಲಿ ಹೊಗೆಯಿಲ್ಲ. ಸದ್ದು ಹಾಗೇ ಇದೆ, ಬೇಸಿಗೆಯ ಬಿಸಿಯೂ ಹಾಗೇ ಇದೆ.

ಒಂದು ವಿಷಯದಲ್ಲಿ ನಾನು ಓಮ್ನಿಯ ಪರ ಮಾತಾಡುವುದಿಲ್ಲ: ಮುಂದೆ ಕೂತವರ ಮೊಣಕಾಲಿಗೂ ಎದುರು ಬರುವ ಲಾರಿಗೂ ನಡುವೆ ತಗಡು ಬಿಟ್ಟರೆ ಏನಿಲ್ಲ, ಏರ್‌ಬ್ಯಾಗೂ ಇಲ್ಲ. ಮಕ್ಕಳನ್ನು ನಾನು ಇದರಲ್ಲಿ ಹೆದ್ದಾರಿಗೆ ಕರೆದೊಯ್ಯುವುದಿಲ್ಲ. 2023ರಲ್ಲಿ ಮಾಡಿಸಿದ ಮರುನೋಂದಣಿ 2028ರವರೆಗಿದೆ. ಅಲ್ಲಿಗೆ ಈ ಖರ್ಚು ನಮಗೆ ಪೂರ್ತಿ ಹುಟ್ಟುತ್ತದೆ, ಆಮೇಲೆ ನವೀಕರಿಸುವ ಯೋಚನೆ ಇಲ್ಲ. ನಿಮ್ಮ ಆರ್‌ಸಿ ಇನ್ನೊಂದೇ ವರ್ಷಕ್ಕೆ ಮುಗಿಯುವುದಾದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಮಾಡಿಸುವುದೇ ಆದರೆ ಹಳೆ ಪಿಸ್ಟನ್, ಬೇರಿಂಗುಗಳನ್ನು ಕೈಗೆ ತೆಗೆದುಕೊಳ್ಳಿ, ಲೇತಿನವರ ಬಿಲ್ಲಿನಲ್ಲಿ ನಿಮ್ಮ ಎಂಜಿನ್ ನಂಬರ್ ಬರೆಸಿಕೊಳ್ಳಿ.