ಸಾರಿಗೆ ಮತ್ತು ಲಾಜಿಸ್ಟಿಕ್ಸ್ ಸ್ನಾತಕೋತ್ತರ ಕೋರ್ಸ್: ಮುಗಿಸಿದವಳ ಅಭಿಪ್ರಾಯ

ಗೋದಾಮಿನ ಕೆಲಸದಲ್ಲಿದ್ದುಕೊಂಡೇ ಈ ಕೋರ್ಸ್ ಮಾಡಿದೆ. ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ನನ್ನ ಉತ್ತರ: ಸೇರಿ, ಆದರೆ ಪಠ್ಯಕ್ರಮ ನೋಡಿಕೊಂಡು ಸೇರಿ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇನ್‌ಕೋಟರ್ಮ್ಸ್ ಪಾಠ. ಸರಕಿನ ವೆಚ್ಚ, ಹೊಣೆ ಎಲ್ಲಿಯವರೆಗೆ ಮಾರುವವನದು, ಎಲ್ಲಿಂದ ಕೊಳ್ಳುವವನದು ಎಂದು ಹೇಳುವ ಅಂತರರಾಷ್ಟ್ರೀಯ ವ್ಯಾಪಾರ ನಿಯಮಗಳಿವು. 2020ರ ಆವೃತ್ತಿಯಲ್ಲಿ 11 ನಿಯಮಗಳಿವೆ. ಮೇಷ್ಟ್ರು ಅವನ್ನು ಬಾಯಿಪಾಠ ಮಾಡಿಸಲಿಲ್ಲ, ಒಂದು ಬಿಲ್ ಆಫ್ ಲೇಡಿಂಗ್ (ಸರಕು ಪಡೆದದ್ದಕ್ಕೆ ಹಡಗು ಕಂಪನಿ ಕೊಡುವ ಪತ್ರ) ಕೈಗೆ ಕೊಟ್ಟು, "ಸರಕು ನಡುಸಮುದ್ರದಲ್ಲಿ ಹಾಳಾಯಿತು, ನಷ್ಟ ಯಾರ ತಲೆಗೆ?" ಎಂದು ಕೇಳಿದರು. ಆ ನಿಯಮಗಳಲ್ಲೊಂದಾದ ಸಿಐಎಫ್‌ನಲ್ಲಿ ಸಾಗಣೆ ವೆಚ್ಚ, ವಿಮೆ ಎರಡೂ ಮಾರುವವನದು, ಹಾಗಾಗಿ ನಷ್ಟವೂ ಅವನದೇ ಎಂದು ತರಗತಿಯೆಲ್ಲ ವಾದಿಸಿತು. ಅಲ್ಲ. ಸರಕು ಹಡಗೇರಿದ ಕ್ಷಣದಿಂದ ಹೊಣೆ ಕೊಳ್ಳುವವನದು. ಕಂಟೇನರ್ ಆದರೆ ಎಫ್‌ಒಬಿಗಿಂತ (ಸರಕು ಹಡಗೇರಿದಾಗ ಹೊಣೆ ದಾಟುವ ನಿಯಮ) ಎಫ್‌ಸಿಎ (ಸಾಗಣೆದಾರನಿಗೆ ಒಪ್ಪಿಸಿದಾಗಲೇ ಹೊಣೆ ದಾಟುವ ನಿಯಮ) ಸರಿ, ಏಕೆಂದರೆ ಹಡಗಿಗೇರುವ ಮೊದಲೇ ಮಾರುವವನು ಅದನ್ನು ಟರ್ಮಿನಲ್‌ನಲ್ಲಿ ಒಪ್ಪಿಸಿಬಿಟ್ಟಿರುತ್ತಾನೆ. ಇದು ಗೊತ್ತಿಲ್ಲದೆ ಒಪ್ಪಂದಕ್ಕೆ ಸಹಿ ಹಾಕುವವರನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ.

ಮಾರ್ಗ ಯೋಜನೆಯ ಪಾಠವೂ ಚೆನ್ನಾಗಿತ್ತು. ಒಂದು ಗಾಡಿ 10 ಕಡೆ ಮಾಲು ಇಳಿಸಬೇಕೆಂದರೆ 36,28,800 ಕ್ರಮಗಳು ಸಾಧ್ಯ. ತಂತ್ರಾಂಶ ಏಕೆ ಬೇಕೆಂದು ಬೇರೆ ಹೇಳಬೇಕಿಲ್ಲ.

ಬೇಸರವಾಗಿದ್ದು ಎಂದರೆ, ಹೆಸರಿನಲ್ಲೇ ಸಾರಿಗೆ ಇದ್ದರೂ ಪ್ರಯಾಣಿಕ ಸಾರಿಗೆಯನ್ನು ಅವಸರದಲ್ಲಿ ಮುಗಿಸಿದರು. ಅದಕ್ಕಿಂತ ದೊಡ್ಡ ಕೊರತೆ ಪ್ರಾಜೆಕ್ಟಿನದು. ಕಂಪನಿಯ ದತ್ತಾಂಶವನ್ನು ನಾವೇ ಹುಡುಕಿಕೊಳ್ಳಬೇಕಿತ್ತು. ನನಗೆ ಗೋದಾಮಿನ ಲೆಕ್ಕ ಸಿಕ್ಕಿತು. ಕೆಲಸದಲ್ಲಿಲ್ಲದ ಸಹಪಾಠಿಗಳು ತುಂಬಾ ಒದ್ದಾಡಿದರು. ಪ್ರಾಜೆಕ್ಟಿಗೆ ಕಂಪನಿ ಯಾರು ಗೊತ್ತುಮಾಡಿಕೊಡುತ್ತಾರೆ ಎಂದು ಕೇಳಿಯೇ ಶುಲ್ಕ ಕಟ್ಟಿ.