ಶಿರಸಿ ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್: ಯುವನಿಧಿಗೆ ಹೋಗೋರಿಗೆ, 4 ಸ್ಟಾರ್

ಒಂದು ಸ್ಟಾರ್ ಕಟ್ ಮಾಡಿದ್ದು ಪ್ರಿಂಟಿಗೆ. ಪೇಜಿಗೆ 10 ರೂಪಾಯಿ, ಅದೂ ಅರ್ಧ ಮಸಿ. ಉಳಿದಂತೆ ಈ ಸೈಬರ್ ನಡೆಸೋ ಅಣ್ಣ ಇಲ್ಲದಿದ್ರೆ ನನ್ನ ದುಡ್ಡು ಎಲ್ಲಿ ಹೋಯ್ತು ಅಂತ ಇವತ್ತಿಗೂ ಗೊತ್ತಾಗ್ತಿರಲಿಲ್ಲ.

ನಾನು 2023ರಲ್ಲಿ ಬಿಕಾಂ ಮುಗಿಸಿದವನು. ಯುವನಿಧಿ ಅಂದ್ರೆ ಕರ್ನಾಟಕ ಸರ್ಕಾರದ ನಿರುದ್ಯೋಗ ಭತ್ಯೆ: ಪಾಸಾಗಿ 180 ದಿನ ಕೆಲಸ ಸಿಗದಿದ್ರೆ ಡಿಗ್ರಿಯವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500, ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಕಂತು ಬಿಟ್ಟಿದ್ದನ್ನು ಟಿವಿಯಲ್ಲೇ ನೋಡಿದೆ. ಆಮೇಲೆ ಗೆಳೆಯರಿಗೆಲ್ಲ ಮೆಸೇಜ್ ಬಂತು, ನನಗೆ ಮಾತ್ರ ಇಲ್ಲ. ಬ್ಯಾಂಕಿಗೆ ನಾಲ್ಕು ಸಲ ಅಲೆದೆ, ಅಲ್ಲಿದ್ದವರು ತಲೆ ಎತ್ತದೆ ‘ಆಧಾರ್ ಲಿಂಕ್ ಆಗಿದೆ, ನಮಗೆ ಗೊತ್ತಿಲ್ಲ’ ಅಂದ್ರು.

ಈ ಅಣ್ಣ ಐದೇ ನಿಮಿಷ ನೋಡಿ, ‘ತಮ್ಮಾ, ಪಿಯುಸಿಯಲ್ಲಿ ಸ್ಕಾಲರ್‌ಶಿಪ್ಪಿಗೆ ಅಂತ ಬೇರೆ ಖಾತೆ ತೆಗೆದಿದ್ಯಾ?’ ಅಂತ ಕೇಳಿದ. ತೆಗೆದಿದ್ದೆ, ಮರೆತೂ ಹೋಗಿತ್ತು. ಖಾತೆಗೆ ಆಧಾರ್ ಕೊಟ್ಟಿದ್ರೆ ಸಾಲದಂತೆ, ಸರ್ಕಾರದ ದುಡ್ಡು ಹೋಗೋದು ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವೆ ದುಡ್ಡು ಸಾಗಿಸೋ ವ್ಯವಸ್ಥೆ ನೋಡ್ಕೊಳ್ಳೋ ಸಂಸ್ಥೆ) ನಮ್ಮ ಆಧಾರ್‌ಗೆ ಯಾವ ಬ್ಯಾಂಕ್ ಜೋಡಿಸಿದೆಯೋ ಅಲ್ಲಿಗೆ. ಎರಡು ಕಂತು ಆ ಹಳೇ ಖಾತೆಯಲ್ಲೇ ಸುಮ್ನೆ ಕೂತಿತ್ತು! ಇದಕ್ಕೆ ಅವನು ತಗೊಂಡಿದ್ದು 50 ರೂಪಾಯಿ.

ಇನ್ನೊಂದು ಕೆಲಸ ಸ್ವಯಂ ಘೋಷಣೆ, ‘ಇನ್ನೂ ಕೆಲಸ ಸಿಕ್ಕಿಲ್ಲ’ ಅಂತ ಬರೆದುಕೊಡೋದು. ಬರೆಯುವಾಗ ಸ್ವಲ್ಪ ಮುಜುಗರ ಆಗುತ್ತೆ, ಅದು ಬೇರೆ ಮಾತು. ನಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಟವರೂ ಹೋದಂತೆ, ಓಟಿಪಿಗೆ ಗುಡ್ಡ ಹತ್ತಬೇಕು, ಮನೆಗೆ ಓಡಿ ಬಂದು ಹಾಕೋದ್ರೊಳಗೆ ಅದರ ಟೈಮ್ ಮುಗಿದಿರುತ್ತೆ. ಹಾಗಾಗಿ ಅದಕ್ಕೂ ಶಿರಸಿಗೇ ಬರ್ತಿದ್ದೆ. ಎಂಕಾಂ ಸೇರಿದ ನನ್ನ ಗೆಳೆಯನಿಗೆ ಈ ಅಣ್ಣ ‘ಮುಂದೆ ಓದೋರಿಗೆ ಇದಿಲ್ಲ, ಸುಳ್ಳು ಬರೀಬೇಡ’ ಅಂತ ಹೇಳಿ ವಾಪಸ್ ಕಳಿಸಿದ. ಕಾಸಿಗೆ ಆಸೆಬಿದ್ದು ಅರ್ಜಿ ಒತ್ತಿಬಿಡೋರೂ ಇರ್ತಾರಲ್ವಾ.

3000ದಲ್ಲಿ ಹೊಟ್ಟೆ ತುಂಬಲ್ಲ. ನನಗೆ ಅದು ಹುಬ್ಬಳ್ಳಿ ಇಂಟರ್ವ್ಯೂಗಳ ಬಸ್ಸಿಗೆ, ಪರೀಕ್ಷೆ ಫೀಸಿಗೆ ಆಯ್ತು. ಅಪ್ಪನ ಹತ್ರ ಕೈಚಾಚೋದು ತಪ್ಪಿತು. ಹುಬ್ಬಳ್ಳಿಯಲ್ಲೇ ಅಕೌಂಟ್ಸ್ ಕೆಲಸ ಸಿಕ್ಕಾಗ, ಅದನ್ನೂ ತಿಳಿಸಬೇಕು ಅಂತ ನೆನಪಿಸಿದ್ದೂ ಇವನೇ.

ತಿಂಗಳ 24, 25ಕ್ಕೆ ಹೋಗ್ಬೇಡಿ, ಘೋಷಣೆ ಹಾಕೋರೆಲ್ಲ ಆಗಲೇ ಬರ್ತಾರೆ. ಇರೋದು ಎರಡೇ ಕುರ್ಚಿ, ಲೈನು ರಸ್ತೆವರೆಗೆ ಇರುತ್ತೆ. ಝೆರಾಕ್ಸ್ ಮಾತ್ರ ಬೇರೆ ಕಡೆ ಮಾಡಿಸ್ಕೊಂಡೇ ಹೋಗಿ.